ಹಳೆಯ ಮಿಲ್ಲಿಂಗ್ ಯಂತ್ರವೂ ಅದರ ಬಿಡಿಭಾಗಗಳೂ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲುಹಾದಿಯಲ್ಲಿ ಬಿಡದಿಯೆಂಬುದು ಬಹುಕಾಲ ಒಂದು ಸಣ್ಣ ನಿಲ್ದಾಣವಾಗಿದ್ದಿತು. ಸುತ್ತಲೂ ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ಅಲ್ಲಲ್ಲಿ ಬಂಡೆಯ ಗುಡ್ಡ. ದಾರಿಗರಿಗೆ ಆ ಊರಿನ ನೆನಪೆಂದರೆ ತಟ್ಟೆ ಇಡ್ಲಿ. 1997ನೆಯ ಇಸವಿಯಲ್ಲಿ ಟೊಯೋಟ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆಯು ಸ್ಥಾಪಿತವಾಗಿ, 1999ರ ಕೊನೆಯಲ್ಲಿ ಅಲ್ಲಿ ಮೋಟಾರುಗಾಡಿಗಳ ತಯಾರಿಕೆಯು ಆರಂಭವಾದ ಮೇಲೆ ಊರಿನ ಸ್ವರೂಪವೇ ಬದಲಾಯಿತು. ಮುಂದೆ ಬಾಷ್ ಸಂಸ್ಥೆಯ ಕಾರ್ಖಾನೆಯೂ ಅಲ್ಲಿಗೆ ಬಂದಿತು. ಈಗ ಬಿಡದಿ ಕೈಗಾರಿಕಾ ಪ್ರದೇಶವೆಂದರೆ ನಾಡಿನ ಹೆಸರಾಂತ ಕಾರ್ಖಾನೆಗಳ ನೆಲೆ.

ಟೊಯೋಟ ಪದ್ಧತಿಯ ಹೆಗ್ಗಳಿಕೆಯೇನೆಂಬುದನ್ನು ವಾಚಕರು ಕೇಳಿರಬಹುದು. ಬೇಕಾದ ಭಾಗವು, ಬೇಕಾದ ಸಮಯಕ್ಕೆ, ಬೇಕಾದಷ್ಟೇ ಬಂದು ಸೇರಬೇಕೆಂಬುದು ಅದರ ಮೂಲಸೂತ್ರ. ಬಂದ ಭಾಗವನ್ನು ಉಜ್ಜಿ ಹೊಂದಿಸುವ ಗೋಜಿಲ್ಲ. ಸಾವಿರದಲ್ಲಿ ಯಾವುದನ್ನು ತೆಗೆದುಕೊಂಡರೂ ತನ್ನ ಜಾಗದಲ್ಲಿ ಸರಿಯಾಗಿ ಕೂರತಕ್ಕದ್ದು. ಇಂತಹ ದೊಡ್ಡ ಕಾರ್ಖಾನೆಗಳ ಆಸುಪಾಸಿನಲ್ಲಿ, ತಗಡಿನ ಮಾಡಿನ ಕೆಳಗೆ ನಾಲ್ಕಾರು ಜನರನ್ನಿಟ್ಟುಕೊಂಡು ನಡೆಯುವ ಸಣ್ಣ ಕಾರ್ಯಾಗಾರಗಳಲ್ಲಿ, ನಲವತ್ತು ಐವತ್ತು ವರ್ಷ ವಯಸ್ಸಾದ ಮಿಲ್ಲಿಂಗ್ ಯಂತ್ರಗಳು ಇನ್ನೂ ದುಡಿಯುತ್ತಿರುವುದುಂಟು. ಅಂತಹ ಯಂತ್ರದಲ್ಲಿ ಒಂದು ಹಲ್ಲುಗಾಲಿ ಮುರಿದರೆ, ಅಥವಾ ಒಂದು ಕಂಚಿನ ನಟ್ಟು ಸವೆದರೆ, ಅದರ ಜೋಡಿಯನ್ನು ಹುಡುಕುವುದರಲ್ಲಿ ವಾರಗಳು ಕಳೆಯುತ್ತವೆ. ಅಷ್ಟು ದಿನ ಯಂತ್ರವು ನಿಂತಿರುವುದು; ಅದನ್ನು ನಂಬಿದವರ ಸಂಪಾದನೆಯೂ ನಿಂತಿರುವುದು.

ಇದರಲ್ಲಿರುವ ವಿಪರ್ಯಾಸವು ವಿಚಾರಾರ್ಹವಾದುದು. ಒಂದರಂತೆ ಇನ್ನೊಂದು ಭಾಗವನ್ನು ಮಾಡುವ ವಿದ್ಯೆಯು ಲೋಕಕ್ಕೆ ಬಂದುದೇ ಬಹುಮಟ್ಟಿಗೆ ಮಿಲ್ಲಿಂಗ್ ಯಂತ್ರದಿಂದ. ಇತರರ ಬಿಡಿಭಾಗಗಳನ್ನು ಹೆತ್ತ ಯಂತ್ರಕ್ಕೆ ತನ್ನ ಬಿಡಿಭಾಗ ದೊರೆಯದೆ ಹೋಗುವುದು ಹೇಗಾಯಿತು? ಅದಕ್ಕೆ ಪರಿಹಾರವಿದೆಯೆ? ಈ ಪ್ರಶ್ನೆಗಳಿಗೆ ಉತ್ತರವು ಚರಿತ್ರೆಯಲ್ಲಿ ದೊರೆಯುತ್ತದೆ.

೧. ಯಂತ್ರದ ಹುಟ್ಟು

ಮಿಲ್ಲು ಎಂದೊಡನೆ ನಮ್ಮ ಜನರಿಗೆ ಹಿಟ್ಟಿನ ಗಿರಣಿಯ ಜ್ಞಾಪಕ ಬರುವುದು ಸಹಜ. ಇಲ್ಲಿ ಹೇಳುವ ಯಂತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಲೇತಿನಲ್ಲಿ ಕೆಲಸದ ವಸ್ತುವು ತಿರುಗುತ್ತದೆ, ಉಳಿಯು ನಿಲ್ಲುತ್ತದೆ. ಮಿಲ್ಲಿಂಗ್ ಯಂತ್ರದಲ್ಲಿ ಹಲವು ಹಲ್ಲುಗಳುಳ್ಳ ಕಟರು ತಿರುಗುತ್ತದೆ, ವಸ್ತುವು ಮೇಜಿನ ಮೇಲೆ ಬಿಗಿಯಲ್ಪಟ್ಟು ಅದರ ಬಳಿಗೆ ಮೆಲ್ಲಗೆ ಸರಿಯುತ್ತದೆ. ಚಪ್ಪಟೆಯಾದ ಮುಖ, ಗಾಡಿ, ಹಲ್ಲು, ಮೂಲೆ, ಇವೆಲ್ಲವನ್ನೂ ಕತ್ತರಿಸತಕ್ಕ ಯಂತ್ರವಿದು. ಲೇತು ಗುಂಡನೆಯ ಕೆಲಸಕ್ಕೆ ಹೇಗೋ ಮಿಲ್ಲಿಂಗ್ ಯಂತ್ರವು ಉಳಿದ ಆಕಾರಗಳಿಗೆ ಹಾಗೆ.

ಹತ್ತೊಂಬತ್ತನೆಯ ಶತಮಾನದ ಆದಿಯವರೆಗೂ ಬಂದೂಕಿನ ಕೀಲುಗಳನ್ನು ಅರದಿಂದ ಉಜ್ಜಿ ಒಂದೊಂದಾಗಿ ಹೊಂದಿಸುತ್ತಿದ್ದರು. ಒಂದು ಬಂದೂಕಿನ ಭಾಗವು ಇನ್ನೊಂದಕ್ಕೆ ಒಗ್ಗುತ್ತಿರಲಿಲ್ಲ; ಯುದ್ಧಭೂಮಿಯಲ್ಲಿ ಒಂದು ಕೀಲು ಮುರಿದರೆ ಇಡೀ ಬಂದೂಕೇ ನಿರರ್ಥಕ. ಅಮೆರಿಕದ ಎಲಿ ವಿಟ್ನಿಯು 1798ರಲ್ಲಿ ಹತ್ತು ಸಾವಿರ ಬಂದೂಕುಗಳನ್ನು ಒದಗಿಸುವ ಕರಾರು ಮಾಡಿಕೊಂಡು, ಭಾಗಗಳನ್ನೆಲ್ಲ ಒಂದೇ ಬಗೆಯಾಗಿ ಮಾಡುವೆನೆಂದು ಹೇಳಿದನು. ಮಿಲ್ಲಿಂಗ್ ಯಂತ್ರವನ್ನು ಕಂಡುಹಿಡಿದವನೂ ಅವನೇ ಎಂದು ಬಹುಕಾಲ ನಂಬಿಕೆಯಿದ್ದಿತು. ಈಚಿನ ಚರಿತ್ರಕಾರರು ಅವನ ಬಂದೂಕುಗಳನ್ನೇ ಬಿಚ್ಚಿ ನೋಡಿ, ಅವುಗಳ ಭಾಗಗಳು ಪರಸ್ಪರ ಒಗ್ಗುವುದಿಲ್ಲವೆಂದು ತೋರಿಸಿದ್ದಾರೆ. ಆ ವಿದ್ಯೆಯನ್ನು ನಿಜವಾಗಿ ಸಾಧಿಸಿದವರು ಸರಕಾರದ ಆಯುಧಶಾಲೆಗಳಲ್ಲಿ ದುಡಿದ ಜಾನ್ ಹಾಲ್ ಮೊದಲಾದವರು. ಮಿಲ್ಲಿಂಗ್ ಯಂತ್ರವೂ ಆ ವಟಾರದಲ್ಲಿಯೇ ಅನೇಕರ ಕೈಯಲ್ಲಿ ಕ್ರಮಕ್ರಮವಾಗಿ ರೂಪುಗೊಂಡಿತು.

ಇಂದಿನ ರೂಪಕ್ಕೆ ಅದನ್ನು ತಂದವನು ಪ್ರಾವಿಡೆನ್ಸ್ ಪಟ್ಟಣದ ಜೋಸೆಫ್ ಬ್ರೌನ್. ಅಲ್ಲಿನ ಬಂದೂಕಿನ ಕಾರ್ಖಾನೆಯಲ್ಲಿ ಬೈರಿಗೆಯ ಸುರುಳಿಗಾಡಿಗಳನ್ನು ಕೈಯರದಿಂದಲೇ ಉಜ್ಜಬೇಕಾಗಿದ್ದಿತು. ಫ್ರೆಡರಿಕ್ ಹೋ ಎಂಬಾತನು ಈ ಕಷ್ಟವನ್ನು ಬ್ರೌನನಿಗೆ ತಿಳಿಸಲು, ಅವನು ಸುರುಳಿಯನ್ನೂ ಹಲ್ಲುಗಾಲಿಯನ್ನೂ ಕತ್ತರಿಸಬಲ್ಲ ಸಾರ್ವತ್ರಿಕ ಮಿಲ್ಲಿಂಗ್ ಯಂತ್ರವನ್ನು ಯೋಚಿಸಿದನು. ಅದು 1862ರಲ್ಲಿ ಮಾರಾಟಕ್ಕೆ ಬಂದಿತು. ಮೊಣಕಾಲಿನಂತೆ ಏರಿಳಿಯುವ ಆಸರೆ, ಅದರ ಮೇಲೆ ಸರಿದಾಡುವ ಮೇಜು, ವೃತ್ತವನ್ನು ಸಮಭಾಗ ಮಾಡುವ ಡಿವೈಡಿಂಗ್ ಹೆಡ್, ಇವೆಲ್ಲ ಅದರಲ್ಲಿದ್ದುವು. ಇಂದು ಬಿಡದಿಯ ಕಾರ್ಯಾಗಾರದಲ್ಲಿ ನಿಂತಿರುವ ಹಳೆಯ ಯಂತ್ರವೂ ಇದೇ ವಂಶದ್ದು.

೨. ಕನ್ನಡ ನಾಡಿಗೆ ಬಂದ ಬಗೆ

ಮೈಸೂರು ಸೀಮೆಗೆ ಯಂತ್ರೋಪಕರಣಗಳು ಹೇರಳವಾಗಿ ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. 1940ರ ಡಿಸೆಂಬರಿನಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರಕಾರದ ಸಹಾಯದಿಂದ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಯಂತ್ರಗಳು ಅಮೆರಿಕದಿಂದ ಹಡಗಿನಲ್ಲಿ ಬಂದುವು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಹುಟ್ಟಿ, ತುಂಗಭದ್ರೆಯ ದಡದಲ್ಲಿ ಲೇತುಗಳ ತಯಾರಿಕೆಯು ಆರಂಭವಾಯಿತು. ಯಂತ್ರವನ್ನು ಕೊಳ್ಳುವ ನಾಡು ಯಂತ್ರವನ್ನು ಮಾಡುವ ನಾಡಾಯಿತು.

1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸ್ಥಾಪಿತವಾಯಿತು. ಮನೆಮನೆಯವರೂ ಕೈಗಡಿಯಾರದಿಂದ ಬಲ್ಲ ಎಚ್.ಎಂ.ಟಿ.ಯ ಮೊದಲ ಕಸುಬು ಗಡಿಯಾರವಲ್ಲ, ಲೇತು. ಬಳಿಕ ಜರ್ಮನಿಯ ಫ್ರಿಟ್ಜ್ ವರ್ನರ್ ಸಂಸ್ಥೆಯ ಸಹಯೋಗದಿಂದ ಮಿಲ್ಲಿಂಗ್ ಯಂತ್ರಗಳನ್ನೂ ಮಾಡಲಾರಂಭಿಸಿದರು. 1961ರಲ್ಲಿ ಭಾರತ್ ಫ್ರಿಟ್ಜ್ ವರ್ನರ್ ಎಂಬ ಪ್ರತ್ಯೇಕ ಸಂಸ್ಥೆಯು ಬೆಂಗಳೂರಿನಲ್ಲಿಯೇ ಹುಟ್ಟಿತು. ಮರುವರ್ಷ ಸೆಂಟ್ರಲ್ ಮೆಷಿನ್ ಟೂಲ್ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನಾಲಯವು ಜೆಕೊಸ್ಲೊವಾಕಿಯದ ನೆರವಿನಿಂದ ಏರ್ಪಟ್ಟಿತು. 1972ರಲ್ಲಿ ಡೆನ್ಮಾರ್ಕಿನ ಸಹಾಯದಿಂದ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಬಂದಿತು. ಹೀಗೆ ಯಂತ್ರ ಮಾಡುವವರು, ಅದರ ಶಾಸ್ತ್ರವನ್ನು ವಿಚಾರಿಸುವವರು, ಅದರ ಕೆಲಸವನ್ನು ಕಲಿಸುವವರು, ಈ ಮೂವರೂ ಒಂದೇ ಊರಿನಲ್ಲಿ ಸೇರಿದರು. ಆ ದಿನಗಳಲ್ಲಿ ಬಿಡಿಭಾಗ ಬೇಕಾದವನು ಯಂತ್ರದ ಸಂಖ್ಯೆಯನ್ನೂ ಭಾಗದ ಸಂಖ್ಯೆಯನ್ನೂ ಬರೆದು ಕಾಗದ ಹಾಕಿದರೆ ಸಾಕಾಗಿದ್ದಿತು.

ಮುಂದೆ ಗಣಕದಿಂದ ನಡೆಯುವ ಯಂತ್ರಗಳು ಬಂದುವು. 1991ರ ಬಳಿಕ ಆಮದಿನ ಕಟ್ಟುಗಳು ಸಡಿಲವಾದುವು. ದೊಡ್ಡ ಕಾರ್ಖಾನೆಗಳು ಕೈಯಿಂದ ನಡೆಸುವ ಹಳೆಯ ಯಂತ್ರಗಳನ್ನು ಹರಾಜಿನಲ್ಲಿ ಮಾರಿದುವು. ಸಣ್ಣವರು ಅವನ್ನು ಕೊಂಡರು. ತಯಾರಕರು ಹೊಸ ಮಾದರಿಗಳ ಕಡೆಗೆ ತಿರುಗಿದರು. ಇಪ್ಪತ್ತೊಂದನೆಯ ಶತಮಾನದ ಆದಿಯಲ್ಲಿ ಹರಿಹರದ ಕಾರ್ಖಾನೆಯ ಬಾಗಿಲೇ ಮುಚ್ಚಿತು. ಬಿಡದಿಯ ಹೆಬ್ಬಾಗಿಲಿನ ಮೇಲೆ ಕಿರ್ಲೋಸ್ಕರ್ ಎಂಬ ಹೆಸರಿದೆ. ಆದರೆ ಹರಿಹರದ ಲೇತಿಗೆ ಭಾಗ ಬೇಕಾದವನು ಹರಿಹರಕ್ಕೆ ಬರೆದರೆ ಉತ್ತರಿಸುವವರಿಲ್ಲ. ಯಂತ್ರದ ಆಯುಸ್ಸು ಅದನ್ನು ಮಾಡಿದವರ ಆಯುಸ್ಸಿಗಿಂತ ದೀರ್ಘವಾಯಿತು.

೩. ದೊರೆಯುವುದು ಮತ್ತು ದೊರೆಯದಿರುವುದು

ಹಳೆಯ ಯಂತ್ರವನ್ನು ಬಿಚ್ಚಿ ಹರಡಿದರೆ ಅದರ ಭಾಗಗಳು ಎರಡು ಪಂಗಡವಾಗುವುವು. ಒಂದು, ಲೋಕದ ಮಾನಕ್ಕೆ ಅನುಸಾರವಾಗಿ ಮಾಡಿದುದು. ಇನ್ನೊಂದು, ತಯಾರಕನು ತನ್ನ ಇಚ್ಛೆಯಂತೆ ಮಾಡಿದುದು.

ಬೇರಿಂಗು ಮೊದಲನೆಯ ಪಂಗಡಕ್ಕೆ ಸೇರಿದೆ. 6205 ಎಂಬ ಅಂಕೆಯುಳ್ಳ ಬೇರಿಂಗಿನ ಒಳವ್ಯಾಸ 25 ಮಿಲಿಮೀಟರು, ಹೊರವ್ಯಾಸ 52, ಅಗಲ 15. ಸ್ವೀಡನ್ನಿನಲ್ಲಿ ಮಾಡಲಿ, ಜಪಾನಿನಲ್ಲಿ ಮಾಡಲಿ, ಭಾರತದಲ್ಲಿ ಮಾಡಲಿ, ಅಳತೆ ಅದೇ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಅಂಗಡಿಯಲ್ಲಿ ಅಂಕೆಯನ್ನು ಹೇಳಿದರೆ ಸಾಕು. ಕಟರನ್ನು ಹಿಡಿಯುವ ಸ್ಪಿಂಡಲಿನ ಬಾಯಿಯೂ ಹಾಗೆಯೇ. ಒಂದು ಕಾಲದಲ್ಲಿ ಒಬ್ಬೊಬ್ಬ ತಯಾರಕನು ಒಂದೊಂದು ಬಗೆಯ ಇಳಿಜಾರನ್ನು ಇಟ್ಟುಕೊಂಡಿದ್ದನು. 1920ರ ದಶಕದ ಕೊನೆಯಲ್ಲಿ ಅಮೆರಿಕದವರು 24ಕ್ಕೆ 7ರ ಇಳಿಜಾರನ್ನು ಒಪ್ಪಿಕೊಂಡರು. ಕಾಲಕ್ರಮದಲ್ಲಿ ಲೋಕವೆಲ್ಲ ಅದನ್ನು ಅನುಸರಿಸಿತು. ಆದಕಾರಣ 40ನೆಯ ನಂಬರಿನ ಬಾಯಿಯುಳ್ಳ ಐವತ್ತು ವರ್ಷದ ಯಂತ್ರಕ್ಕೆ ಇಂದಿಗೂ ಕಟರು ಹಿಡಿಯುವ ಆರ್ಬರು ಸಿಕ್ಕುತ್ತದೆ. ಅದಕ್ಕೆ ಹಿಂದಿನ ಯಂತ್ರವಾದರೆ ಗುಜರಿಯಲ್ಲಿ ಹುಡುಕಬೇಕು, ಇಲ್ಲವೆ ಹೊಸದಾಗಿ ಮಾಡಿಸಬೇಕು.

ಎರಡನೆಯ ಪಂಗಡದಲ್ಲಿ ವೇಗ ಬದಲಿಸುವ ಪೆಟ್ಟಿಗೆಯ ಹಲ್ಲುಗಾಲಿಗಳು, ಮೇಜನ್ನು ಸರಿಸುವ ತಿರುಪು, ಅದರ ಕಂಚಿನ ನಟ್ಟು, ಬೀಡುಕಬ್ಬಿಣದ ಆಸರೆಗಳು ಬರುತ್ತವೆ. ಇವುಗಳ ನಕ್ಷೆಯು ತಯಾರಕನ ಕಪಾಟಿನಲ್ಲಿದ್ದಿತು. ಕಾರ್ಖಾನೆ ಮುಚ್ಚಿದಾಗ ಕಪಾಟು ಎಲ್ಲಿಗೆ ಹೋಯಿತೆಂಬುದನ್ನು ಯಾರೂ ವಿಚಾರಿಸುವುದಿಲ್ಲ. ಇಂತಹ ಭಾಗಕ್ಕಾಗಿ ಮೊದಲು ಅದೇ ಮಾದರಿಯ ಇನ್ನೊಂದು ಯಂತ್ರವನ್ನು ಗುಜರಿಯಲ್ಲಿ ಹುಡುಕುವರು. ಆದರೆ ಒಂದೇ ಬಗೆಯ ಯಂತ್ರಗಳಲ್ಲಿ ಸವೆಯುವ ಭಾಗವೂ ಒಂದೇ. ಇಲ್ಲಿ ಯಾವ ಗಾಲಿಯ ಹಲ್ಲು ಹೋಗಿದೆಯೋ ಅಲ್ಲಿಯೂ ಅದೇ ಗಾಲಿಯ ಹಲ್ಲು ಹೋಗಿರುತ್ತದೆ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯು ಇಲ್ಲಿ ಅಕ್ಷರಶಃ ಒಪ್ಪುತ್ತದೆ. ಕೊನೆಗೆ ಉಳಿಯುವ ದಾರಿ ಒಂದೇ: ಅಳೆದು ಹೊಸದಾಗಿ ಮಾಡುವುದು.

೪. ಅಳತೆಯ ವಿದ್ಯೆ

ಮುರಿದ ಹಲ್ಲುಗಾಲಿಯನ್ನು ಅಳೆಯುವುದು ಸುಲಭವಾದ ಲೆಕ್ಕ. ಹೊರವ್ಯಾಸವನ್ನು ಅಳೆದು, ಹಲ್ಲುಗಳನ್ನು ಎಣಿಸಿ, ಎಣಿಕೆಗೆ ಎರಡನ್ನು ಕೂಡಿ ಭಾಗಿಸಬೇಕು. ಮೂವತ್ತು ಹಲ್ಲಿನ ಗಾಲಿಯ ವ್ಯಾಸವು 96 ಮಿಲಿಮೀಟರಾದರೆ, 96ನ್ನು 32ರಿಂದ ಭಾಗಿಸಲು 3 ಬರುತ್ತದೆ. ಇದು ಹಲ್ಲಿನ ಗಾತ್ರವನ್ನು ತಿಳಿಸುವ ಮಾಡ್ಯೂಲ್ ಎಂಬ ಅಂಕೆ. ವ್ಯಾಸವು 101.6 ಮಿಲಿಮೀಟರಾದರೆ 3.175 ಎಂಬ ವಿಕಾರವಾದ ಅಂಕೆ ಬರುತ್ತದೆ. ಅನನುಭವಿಯು ತನ್ನ ಅಳತೆ ತಪ್ಪೆಂದು ಭಾವಿಸಿ 3ನ್ನೇ ಹಿಡಿದು ಗಾಲಿಯನ್ನು ಕೆಡಿಸುವನು. ತಿಳಿದವನಾದರೋ 101.6 ಮಿಲಿಮೀಟರೆಂದರೆ ಸರಿಯಾಗಿ ನಾಲ್ಕು ಅಂಗುಲವೆಂದು ಕಂಡು, 32ನ್ನು 4ರಿಂದ ಭಾಗಿಸಿ, ಇದು ಅಂಗುಲದ ಮಾನದಲ್ಲಿ 8ನೆಯ ನಂಬರಿನ ಹಲ್ಲೆಂದು ನಿಶ್ಚಯಿಸುವನು. ಯಂತ್ರವು ಹುಟ್ಟಿದ ದೇಶವು ಅದರ ಹಲ್ಲಿನಿಂದಲೇ ಗೊತ್ತಾಗುತ್ತದೆ. ಕೆಲವು ಗಾಲಿಗಳ ಹಲ್ಲುಗಳನ್ನು ಗಿಡ್ಡವಾಗಿ ಮಾಡಿರುವುದೂ ಉಂಟಾದ್ದರಿಂದ, ಎರಡು ಶಾಫ್ಟುಗಳ ನಡುವಣ ಅಂತರವನ್ನೂ ಅಳೆದು ತಾಳೆ ನೋಡುವುದು ಉತ್ತಮ.

ಭಾರತದಲ್ಲಿ ತೂಕ ಅಳತೆಗಳ ಶಾಸನವು 1956ರಲ್ಲಿ ಆಗಿ, ಮೆಟ್ರಿಕ್ ಪದ್ಧತಿಯು 1958ರಿಂದ ಕ್ರಮವಾಗಿ ಜಾರಿಗೆ ಬಂದಿತು. ಅದಕ್ಕೆ ಹಿಂದೆ ಬಂದ ಬ್ರಿಟಿಷ್ ಮತ್ತು ಅಮೆರಿಕನ್ ಯಂತ್ರಗಳು ಅಂಗುಲದವು. ಜರ್ಮನಿಯ ಮತ್ತು ಸ್ವಿಟ್ಜರ್ಲೆಂಡಿನ ಸಂಪ್ರದಾಯದವು ಮಿಲಿಮೀಟರಿನವು. ಅಂಗುಲಕ್ಕೆ ಐದು ಸುತ್ತಿನ ತಿರುಪು ಒಂದು ಸುತ್ತಿಗೆ 5.08 ಮಿಲಿಮೀಟರು ನಡೆಯುತ್ತದೆ. ಅದಕ್ಕೆ 5 ಮಿಲಿಮೀಟರಿನ ನಟ್ಟು ಮಾಡಿದರೆ ಎರಡು ಮೂರು ಸುತ್ತು ಏರಿ ಬಿಗಿದುಕೊಳ್ಳುವುದು. ತಿರುಪನ್ನೂ ನಟ್ಟನ್ನೂ 5 ಮಿಲಿಮೀಟರಿಗೇ ಮಾಡಿ ಹಳೆಯ ಅಂಗುಲದ ಡಯಲನ್ನೇ ಇಟ್ಟುಕೊಂಡರೆ, ಅರವತ್ತು ಸುತ್ತಿಗೆ 4.8 ಮಿಲಿಮೀಟರಿನ ಸುಳ್ಳು ಸೇರುತ್ತದೆ. ನೂಲಿನಂತೆ ಸೀರೆಯೆಂಬಂತೆ ಆ ಯಂತ್ರದಲ್ಲಿ ಮಾಡಿದ ಕೆಲಸವೆಲ್ಲ ಸುಳ್ಳಾಗುವುದು. ಮಿಲಿಮೀಟರಿನ ಲೇತಿನಲ್ಲಿ ಅಂಗುಲದ ತಿರುಪನ್ನು ಕತ್ತರಿಸಲು ಹಿಂದಿನವರು ಒಂದು ಜಾಣತನದ ಉಪಾಯವನ್ನು ಕಂಡಿದ್ದರು. ಒಂದು ಅಂಗುಲಕ್ಕೆ 25.4 ಮಿಲಿಮೀಟರು, ಇದನ್ನು ಐದರಿಂದ ಗುಣಿಸಿದರೆ 127 ಎಂಬ ಪೂರ್ಣಸಂಖ್ಯೆ. ಆದುದರಿಂದ 127 ಹಲ್ಲಿನ ಒಂದು ಗಾಲಿಯನ್ನು ಜೋಡಿಸಿದರೆ ಎರಡು ಮಾನಗಳೂ ಲೇಶವೂ ತಪ್ಪದೆ ಹೊಂದುವುವು. ಹಳೆಯ ಲೇತಿನೊಡನೆ ಬಂದ ಆ ದೊಡ್ಡ ಗಾಲಿಯನ್ನು ಅಟ್ಟದಿಂದ ತೆಗೆದು ಗುಜರಿಗೆ ಹಾಕುವವರು ತಾವು ಹಾಕಿದುದೇನೆಂದು ಅರಿಯರು.

ಕಂಚಿನ ನಟ್ಟಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಉಕ್ಕಿನ ತಿರುಪು ಉಳಿಯಲೆಂದೇ ನಟ್ಟನ್ನು ಮೆತ್ತನೆಯ ಕಂಚಿನಲ್ಲಿ ಮಾಡಿರುತ್ತಾರೆ. ಸವೆಯುವುದು ಅದರ ಧರ್ಮ. ಆದರೆ ಹಲವು ವರ್ಷಗಳ ಮೇಲೆ ತಿರುಪೂ ಸವೆಯದಿರದು, ಅದರಲ್ಲಿಯೂ ನಡುವಿನಲ್ಲಿ ಹೆಚ್ಚು, ಏಕೆಂದರೆ ಕೆಲಸವು ಹೆಚ್ಚಾಗಿ ನಡೆಯುವುದು ಮೇಜಿನ ನಡುವಿನಲ್ಲಿ. ಹೊಸ ನಟ್ಟನ್ನು ನಡುಭಾಗಕ್ಕೆ ಬಿಗಿಯಾಗಿ ಹೊಂದಿಸಿದರೆ ಅದು ತುದಿಗಳಲ್ಲಿ ಸಿಕ್ಕಿಕೊಳ್ಳುವುದು. ತುದಿಗಳಿಗೆ ಹೊಂದಿಸಿದರೆ ನಡುವಿನಲ್ಲಿ ಸಡಿಲವಾಗುವುದು. ಅಂತಹಲ್ಲಿ ಎರಡನ್ನೂ ಹೊಸದಾಗಿ ಮಾಡದೆ ಗತಿಯಿಲ್ಲ. ಹಲ್ಲುಗಾಲಿಗಳಿಗೂ ಇದೇ ನ್ಯಾಯ: ಸವೆದ ಗಾಲಿಯ ಜೊತೆಗೆ ಹೊಸ ಗಾಲಿಯನ್ನು ಕೂಡಿಸಿದರೆ ಹಳೆಯದು ಹೊಸದನ್ನು ಬೇಗ ತಿಂದುಹಾಕುವುದು.

ಬೀಡುಕಬ್ಬಿಣದ ಆಸರೆಯೊಂದು ಒಡೆದು ಬೆಸುಗೆಗೆ ಒಗ್ಗದೆ ಹೋದರೆ ಮತ್ತೆ ಎರಕ ಹೊಯ್ಯಬೇಕು. ಅದಕ್ಕೆ ಮೊದಲು ಮರದಲ್ಲಿ ಮಾದರಿಯನ್ನು ಮಾಡುವರು. ಕಾದ ಕಬ್ಬಿಣವು ಆರುವಾಗ ನೂರಕ್ಕೆ ಒಂದು ಪಾಲಿನಷ್ಟು ಕುಗ್ಗುವುದರಿಂದ, ಮಾದರಿಯನ್ನು ಅಷ್ಟು ದೊಡ್ಡದಾಗಿ ಮಾಡತಕ್ಕದ್ದು. ಇದಕ್ಕಾಗಿ ಬಡಗಿಯು ಮೊದಲೇ ಅಷ್ಟು ಹಿಗ್ಗಿಸಿ ಗೆರೆ ಹಾಕಿದ ಬೇರೆ ಅಳತೆಗೋಲನ್ನು ಇಟ್ಟುಕೊಂಡಿರುತ್ತಾನೆ. ಬಿಡದಿಗೆ ಸಮೀಪದ ಚನ್ನಪಟ್ಟಣದಲ್ಲಿ ಮರವನ್ನು ಕಡೆದು ಅರಗಿನ ಬಣ್ಣ ಹಾಕುವ ಕುಶಲರು ತಲೆಮಾರುಗಳಿಂದ ಇದ್ದಾರೆ. ಒಂದು ಬೊಂಬೆಯನ್ನು ನೋಡಿ ಅದರಂತೆಯೇ ಇನ್ನೊಂದನ್ನು ಕಣ್ಣಳತೆಯಿಂದ ತೆಗೆಯುವ ಅವರ ವಿದ್ಯೆಯೂ, ಮಾದರಿ ಮಾಡುವವನ ವಿದ್ಯೆಯೂ ದೂರದ ನೆಂಟರು. ಭೇದವಿಷ್ಟೇ: ಬೊಂಬೆಯು ಕಣ್ಣಿಗೆ ಒಪ್ಪಿದರೆ ಸಾಕು, ಯಂತ್ರದ ಭಾಗವು ಮೈಕ್ರೋಮೀಟರಿಗೆ ಒಪ್ಪಬೇಕು.

೫. ಯಂತ್ರವೇ ಯಂತ್ರಕ್ಕೆ ಮದ್ದು

ಮುರಿದ ಹಲ್ಲುಗಾಲಿಯನ್ನು ಮಾಡುವ ಯಂತ್ರ ಯಾವುದು? ಮಿಲ್ಲಿಂಗ್ ಯಂತ್ರವೇ. ಡಿವೈಡಿಂಗ್ ಹೆಡ್ಡಿನ ಹಿಡಿಯನ್ನು ನಲವತ್ತು ಸುತ್ತು ತಿರುಗಿಸಿದರೆ ವಸ್ತುವು ಒಂದು ಸುತ್ತು ತಿರುಗುತ್ತದೆ. ಮೂವತ್ತು ಹಲ್ಲು ಬೇಕಾದರೆ ಪ್ರತಿ ಹಲ್ಲಿಗೂ ಒಂದು ಸುತ್ತು ಮತ್ತು ಮೂರನೆಯ ಒಂದು ಪಾಲು, ಎಂದರೆ ಹದಿನೆಂಟು ತೂತಿನ ಸಾಲಿನಲ್ಲಿ ಒಂದು ಸುತ್ತು ಮತ್ತು ಆರು ತೂತು. ಹಲ್ಲಿನ ಆಕಾರದ ಕಟರುಗಳು ಎಂಟರ ಕಟ್ಟಾಗಿ ಬರುತ್ತವೆ. 26ರಿಂದ 34ರವರೆಗಿನ ಹಲ್ಲಿನ ಗಾಲಿಗಳಿಗೆಲ್ಲ ಒಂದೇ ಕಟರು ಸಾಕು. ಕತ್ತರಿಸಿದ ಬಳಿಕ ಗಾಲಿಗೆ ಹದ ಕೊಟ್ಟು ಗಟ್ಟಿಮಾಡಬೇಕು. ನೂರ ಅರವತ್ತು ವರ್ಷಗಳ ಹಿಂದೆ ಬ್ರೌನನು ಬೈರಿಗೆಗಾಗಿ ಯೋಚಿಸಿದ ಉಪಾಯವು ಇಂದು ಅದೇ ವಂಶದ ಯಂತ್ರವನ್ನು ಬದುಕಿಸುತ್ತದೆ.

ಆದರೆ ಈ ಮದ್ದು ಸಿದ್ಧಿಸಬೇಕಾದರೆ ಎರಡು ಸಂಗತಿಗಳು ಬೇಕು. ಮೊದಲನೆಯದು, ಭಾಗವು ಪೂರ್ತಿಯಾಗಿ ಹಾಳಾಗುವ ಮುನ್ನ ಅದನ್ನು ಅಳೆದಿಡುವುದು. ಪುಡಿಯಾದ ಗಾಲಿಯಲ್ಲಿ ಎಣಿಸಲು ಹಲ್ಲಿರುವುದಿಲ್ಲ, ಅಳೆಯಲು ವ್ಯಾಸವಿರುವುದಿಲ್ಲ. ಯಂತ್ರವು ನಡೆಯುತ್ತಿರುವಾಗಲೇ ಬಿಡುವಿನ ಒಂದು ದಿನ ಪೆಟ್ಟಿಗೆಯನ್ನು ತೆರೆದು, ಗಾಲಿಗಳ ಹಲ್ಲು, ವ್ಯಾಸ, ಅಗಲ, ಬೇರಿಂಗುಗಳ ಅಂಕೆ, ತಿರುಪಿನ ಸುತ್ತು, ಇವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಮುಚ್ಚಿಹೋದ ಕಾರ್ಖಾನೆಯ ಕಪಾಟಿನ ನಕ್ಷೆಗೆ ಅದು ಬದಲಾಗುತ್ತದೆ. ಒಂದು ಕಾರ್ಯಾಗಾರದ ಪುಸ್ತಕವು ಅದೇ ಮಾದರಿಯ ಇತರ ಯಂತ್ರಗಳಿಗೂ ಉಪಯೋಗಕ್ಕೆ ಬರುವುದು.

ಎರಡನೆಯದು, ಅಳೆಯಬಲ್ಲ ಮನುಷ್ಯ. ಜಾಲಹಳ್ಳಿಯಲ್ಲಿಯೂ ಹರಿಹರದಲ್ಲಿಯೂ ಈ ಯಂತ್ರಗಳನ್ನು ಕೈಯಾರೆ ಜೋಡಿಸಿದವರು ನಿವೃತ್ತರಾಗಿ ಬಹುಕಾಲವಾಯಿತು. ಯಾವ ಮಾದರಿಯಲ್ಲಿ ಯಾವ ಗಾಲಿಯ ಹಲ್ಲು ಗಿಡ್ಡ, ಯಾವ ತಿರುಪು ಎಡಗೈಯದು, ಯಾವ ಮೊಳೆಯನ್ನು ಮೊದಲು ಬಿಚ್ಚದೆ ಸ್ಪಿಂಡಲನ್ನು ಎಳೆಯಬಾರದು ಎಂಬುದು ಅವರ ತಲೆಯಲ್ಲಿದೆ, ಯಾವ ಕಾಗದದಲ್ಲಿಯೂ ಇಲ್ಲ. 2007ರಿಂದ ಬಿಡದಿಯಲ್ಲಿ ಟೊಯೋಟ ತಾಂತ್ರಿಕ ತರಬೇತಿ ಸಂಸ್ಥೆಯಿದೆ, ನಾಡಿನ ಐ.ಟಿ.ಐ.ಗಳಲ್ಲಿ ಹಳೆಯ ಮಿಲ್ಲಿಂಗ್ ಯಂತ್ರಗಳ ಮೇಲೆಯೇ ಹುಡುಗರು ಕೈ ಪಳಗಿಸಿಕೊಳ್ಳುತ್ತಾರೆ. ಹಿರಿಯರ ತಿಳಿವಳಿಕೆಯನ್ನು ಕಿರಿಯರ ನೋಟುಬುಕ್ಕಿಗೆ ಇಳಿಸಲು ಬೇಕಾದುದೆಲ್ಲ ಒಂದೇ ಸೀಮೆಯಲ್ಲಿದೆ. ಇಲ್ಲದುದು ಕಾಲಾವಕಾಶ ಮಾತ್ರ.

ಹಳೆಯ ಯಂತ್ರವನ್ನೆಲ್ಲ ಉಳಿಸಬೇಕೆಂದು ಹೇಳುವುದು ವಿವೇಕವಲ್ಲ. ಹಳಿಯೇ ಸವೆದು ಡೊಂಕಾದ ಯಂತ್ರಕ್ಕೆ ಹೊಸ ಗಾಲಿಯನ್ನು ಹಾಕುವುದು ವ್ಯರ್ಥ; ಅದು ಗುಜರಿಗೆ ಸೇರತಕ್ಕದ್ದೇ. ಆದರೆ ಮೈಕಟ್ಟು ನೆಟ್ಟಗಿದ್ದು ಒಂದು ನಟ್ಟಿನ ಕೊರತೆಯಿಂದ ನಿಂತ ಯಂತ್ರವನ್ನು ಕಬ್ಬಿಣದ ತೂಕಕ್ಕೆ ಮಾರುವವನು, ಒಂದು ಟನ್ನಿಗೂ ಮಿಕ್ಕಿದ ಎರಕವನ್ನಷ್ಟೇ ಅಲ್ಲ, ಮುಂದೆ ಹತ್ತು ಹುಡುಗರು ಕಸುಬು ಕಲಿಯಬಹುದಾಗಿದ್ದ ಒಂದು ಪಾಠಶಾಲೆಯನ್ನೂ ಮಾರುತ್ತಾನೆ. ಸಣ್ಣ ಕಾರ್ಯಾಗಾರದವನಿಗೆ ಹೊಸ ಗಣಕಯಂತ್ರವನ್ನು ಕೊಳ್ಳುವುದೆಂದರೆ ಸಾಲ. ಹಳೆಯದನ್ನು ನಡೆಸುವುದೆಂದರೆ ಅನ್ನ. ಆ ಅನ್ನವು ಎಷ್ಟೋ ವೇಳೆ ಒಂದು ಅಂಗೈಯಗಲದ ಕಂಚಿನ ತುಂಡಿಗೆ ಕಾದು ನಿಂತಿರುತ್ತದೆ. ಆ ತುಂಡನ್ನು ಅಂಗಡಿಯು ಕೊಡಲಾರದು, ಮುಚ್ಚಿದ ಕಾರ್ಖಾನೆಯು ಕೊಡಲಾರದು. ಒಂದು ಮೈಕ್ರೋಮೀಟರನ್ನೂ, ಒಂದು ಸೀಸದ ಕಡ್ಡಿಯನ್ನೂ ಹಿಡಿದು ಯಂತ್ರದ ಮುಂದೆ ಕುಳಿತವನು ಕೊಡಬಲ್ಲನು.